ಮುಳುಗಿದ ಊರಿನ ಬಣ್ಣಗಳು

ಮಳೆಗಾಲ ಹತ್ತಿರವಾದಂತೆ ದಿನಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ನೀರಿನ ಮಟ್ಟ ಪ್ರಕಟವಾಗತೊಡಗುತ್ತದೆ. ಕೃಷ್ಣರಾಜಸಾಗರ, ತುಂಗಭದ್ರಾ, ಭದ್ರಾಗಳ ಸಾಲಿನಲ್ಲಿ ಲಿಂಗನಮಕ್ಕಿಯ ಹೆಸರೂ ಇರುತ್ತದೆ. ಗರಿಷ್ಠ ಮಟ್ಟ 1819 ಅಡಿ. ಪಟ್ಟಣದ ಓದುಗರಿಗೆ ಇದು ವಿದ್ಯುತ್ತಿನ ಲೆಕ್ಕ. ಸಾಗರ, ಹೊಸನಗರ ತಾಲ್ಲೂಕುಗಳ ಹಿರಿಯರಿಗೆ ಮಾತ್ರ ಇದು ಊರಿನ ಲೆಕ್ಕ. ಮಟ್ಟ ಇಷ್ಟಕ್ಕೆ ಇಳಿದರೆ ಇಂಥ ಗದ್ದೆಯ ಬದು ಕಾಣುತ್ತದೆ, ಇನ್ನೂ ಹತ್ತಡಿ ಇಳಿದರೆ ಹಳೆಯ ಗಾಡಿ ರಸ್ತೆ ಮೇಲೇಳುತ್ತದೆ, ಮತ್ತೂ ಇಳಿದರೆ ಯಾರದೋ ಮನೆಯ ಮೆಟ್ಟಿಲು. ಅಂಕಿಯೊಂದನ್ನು ಓದಿ ಊರನ್ನು ಕಾಣಬಲ್ಲವರು ಅವರು!

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ನೀರು ಆವರಿಸಿತು. ಕಾಡು, ಗದ್ದೆ, ತೋಟ, ಗುಡಿಗಳ ಜೊತೆ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಅಷ್ಟೇ ಅಲ್ಲ, ಒಂದು ಅಣೆಕಟ್ಟೂ ಮುಳುಗಿತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರೊದಗಿಸಲು ಮಡೇನೂರಿನ ಬಳಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಹದಿನಾರು ವರ್ಷವಷ್ಟೇ ಬಿಸಿಲು ಕಂಡು ನೀರಿನಡಿ ಸೇರಿತು. ಮಳೆ ಕೈಕೊಟ್ಟ ವರ್ಷಗಳ ಕಡು ಬೇಸಿಗೆಯಲ್ಲಿ ಅದು ಮೈ ಒಣಗಿಸಿಕೊಂಡು ನಿಲ್ಲುತ್ತದೆ. ನೋಡಲು ಜನ ಸೇರುತ್ತಾರೆ.

ಈ ಮುಳುಗಡೆಯ ಬದುಕನ್ನು ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ'ಗಳಂಥ ಕಾದಂಬರಿಗಳಲ್ಲಿ ಬರೆದರು. ಬರಹವೇನೋ ಉಳಿಯಿತು. ಆದರೆ ಮುಳುಗುವ ಮುನ್ನ ಆ ಊರುಗಳು ಹೇಗಿದ್ದವು? ಕ್ಯಾಮೆರಾ ಎಂಬುದು ಶ್ರೀಮಂತರ ಸೊತ್ತಾಗಿದ್ದ ಕಾಲ ಅದು. ಲಾರಿಯಲ್ಲಿ ಪಾತ್ರೆ, ನೇಗಿಲು, ಹೆಂಚು ತುಂಬಿಕೊಂಡು ಹೊರಟವರು ಫೋಟೋ ತೆಗೆಸಿಕೊಂಡು ಹೋಗಲಿಲ್ಲ. ಹೀಗಿರುವಾಗ ಮೈಸೂರಿನ ಒಂದು ಮನೆಯ ಬೀರುವಿನಿಂದ ಅಂಥದೊಂದು ಊರು ಬಣ್ಣಗಳ ಸಮೇತ ಹೊರಬಂದದ್ದು ವಿಶೇಷವೇ ಸರಿ.

ಬೀರುವಿನಲ್ಲಿದ್ದ ಪೆಟ್ಟಿಗೆ

ಆ ಮನೆಯ ಯಜಮಾನರು 1960ರ ಸುಮಾರಿಗೆ ಶರಾವತಿ ಕಣಿವೆಯಲ್ಲಿ ಸರ್ವೆ ಕೆಲಸದಲ್ಲಿದ್ದ ಇಂಜಿನಿಯರ್. ಹೆಂಡತಿ, ಮಗುವಿನೊಂದಿಗೆ ಕಾಡಿನಂಚಿನ ಕ್ಯಾಂಪಿನಲ್ಲಿ ನಾಲ್ಕು ವರ್ಷ ಕಳೆದವರು. ವಿದೇಶದಲ್ಲಿದ್ದ ಬಂಧುವೊಬ್ಬರು ತಂದುಕೊಟ್ಟ ಕ್ಯಾಮೆರಾ, ಅವರೇ ಆಗಾಗ ಕಳಿಸುತ್ತಿದ್ದ ಕೊಡಾಕ್ರೋಮ್ ರೀಲು - ಇವರ ಏಕೈಕ ಷೋಕಿ. ಅವರು ತೀರಿಕೊಂಡು ವರ್ಷಗಳಾಗಿವೆ. 2023ರಲ್ಲಿ ಮನೆ ರಿಪೇರಿಗೆಂದು ಬೀರು ಸರಿಸಿದಾಗ ಬಿಸ್ಕತ್ತಿನ ಡಬ್ಬಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ಸ್ಲೈಡುಗಳು ಸಿಕ್ಕವು. ಕಂಡದ್ದು ಮೊಮ್ಮಗಳಿಗೆ.

ಸ್ಲೈಡ್ ಎಂದರೇನೆಂದು ಇಂದಿನ ಮಕ್ಕಳಿಗೆ ವಿವರಿಸಬೇಕಾಗಿದೆ. ಮಾಮೂಲು ಫಿಲ್ಮಿನಲ್ಲಿ ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಮೂಡಿ, ಕಾಗದದ ಮೇಲೆ ಅಚ್ಚು ಹಾಕಿದಾಗ ನೇರವಾಗುತ್ತದೆ. ಸ್ಲೈಡಿನಲ್ಲಿ ಫಿಲ್ಮೇ ಚಿತ್ರ. ಕ್ಯಾಮೆರಾದೊಳಗೆ ಬೆಳಕಿಗೆ ಒಡ್ಡಿದ ಅದೇ ತುಂಡು, ಸಂಸ್ಕರಣೆಯಾಗಿ, 50 ಮಿ.ಮೀ. ಚೌಕದ ರಟ್ಟಿನ ಚೌಕಟ್ಟಿನಲ್ಲಿ ಕುಳಿತಿರುತ್ತದೆ. ಚಿತ್ರದ ಅಳತೆ 24ಕ್ಕೆ 36 ಮಿ.ಮೀ. ಮಾತ್ರ. ವಾರಪತ್ರಿಕೆಗಳು ಇದನ್ನು 'ಪಾರದರ್ಶಿಕೆ' ಎಂದು ಕರೆಯುತ್ತಿದ್ದವು. ಕಿಟಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಗೋಡೆಯ ತುಂಬ ಅರಳುತ್ತದೆ.

ಸ್ಲೈಡುಗಳ ಅಂಚಿನಲ್ಲಿ ಇಂಜಿನಿಯರರ ಮುತ್ತಿನಂಥ ಅಕ್ಷರ. ಆದರೆ ಬರೆದದ್ದೇನು? ಕೆಲವದರ ಮೇಲೆ 'ಜೋಗ', 'ಕ್ಯಾಂಪ್', 'ಮಗುವಿನ ಹುಟ್ಟುಹಬ್ಬ'. ಉಳಿದ ನಲವತ್ತರಷ್ಟು ಸ್ಲೈಡುಗಳಲ್ಲಿ ಸೋಗೆಯ ಮನೆಗಳು, ಅಂಗಳ, ಬಾವಿಕಟ್ಟೆ, ಗದ್ದೆಯಲ್ಲಿ ನಿಂತ ಜನ. ಅವುಗಳ ಮೇಲೆ ಊರಿನ ಹೆಸರಿಲ್ಲ, ಜನರ ಹೆಸರಿಲ್ಲ. 'ಆರ್.ಎಲ್. 1770', 'ಆರ್.ಎಲ್. 1782' ಎಂಬ ಅಂಕಿಗಳು ಮಾತ್ರ! ಆರ್.ಎಲ್. ಎಂದರೆ ಸಮುದ್ರಮಟ್ಟದಿಂದ ಆ ಜಾಗದ ಎತ್ತರ, ಅಡಿಗಳಲ್ಲಿ. ಡಂಪಿ ಲೆವೆಲ್ಲಿನ ಮಸೂರದ ಹಿಂದೆ ನಿಂತವರಿಗೆ ಕಣಿವೆಯಲ್ಲಿ ಎರಡೇ ಬಗೆಯ ನೆಲ: 1819ಕ್ಕಿಂತ ಮೇಲಿನದು, ಕೆಳಗಿನದು. ಅದು ಕಠೋರತೆಯೇನಲ್ಲ, ಕೆಲಸದ ಅಭ್ಯಾಸ. ಆದರೂ ಮೊಮ್ಮಗಳಿಗೆ ಅದು ಚುಚ್ಚಿತು. ಇವರೆಲ್ಲ ಯಾರು? ಅಜ್ಜ ಅಳೆದ ನೀರು ಇವರ ಮನೆಯನ್ನು ತಾನೆ ನುಂಗಿದ್ದು?

ಊಟದ ಮೇಜಿನ ಪ್ರಯೋಗಶಾಲೆ

ಅಂಗೈ ಮೇಲೆ ಕೂರುವ ಪುಟ್ಟ ಸ್ಲೈಡ್ ಸ್ಕ್ಯಾನರುಗಳು ಈಗ ಕೊಳ್ಳಲು ಸಿಗುತ್ತವೆ. ಇವುಗಳ ತತ್ವ ಸರಳ. ಕೆಳಗೆ ಬಿಳಿ ಎಲ್‌ಇಡಿ ದೀಪ, ನಡುವೆ ಸ್ಲೈಡು, ಮೇಲೆ ಸಣ್ಣ ಡಿಜಿಟಲ್ ಕ್ಯಾಮೆರಾ. ಗುಂಡಿ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಚಿತ್ರ ಮೆಮೊರಿ ಕಾರ್ಡಿಗೆ ಇಳಿಯುತ್ತದೆ. ಮೈಸೂರಿನ ಆ ಮನೆಯ ಊಟದ ಮೇಜಿನ ಮೇಲೆ ಅಪ್ಪ, ಮಗಳು ನಾಲ್ಕು ಸಂಜೆ ಕುಳಿತು ಎಲ್ಲ ಸ್ಲೈಡುಗಳನ್ನೂ ಇಳಿಸಿಕೊಂಡರು.

ಸರಳವೆಂದರೂ ಎಚ್ಚರ ಬೇಕು. ಮೊದಲನೆಯದು ಧೂಳು. ಅಂಗುಲದಷ್ಟು ಅಗಲದ ಚಿತ್ರ ಹತ್ತಾರು ಪಟ್ಟು ಹಿಗ್ಗುವಾಗ ಕಣ್ಣಿಗೆ ಕಾಣದ ಕಣವೂ ಬಂಡೆಯಾಗಿ ಕಾಣುತ್ತದೆ. ರಬ್ಬರಿನ ಬುರುಡೆಯಿಂದ ಗಾಳಿ ಊದಿ, ಮೃದುವಾದ ಕುಂಚ ಆಡಿಸಬೇಕು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಒದ್ದೆ ಬಟ್ಟೆಯಂತೂ ಕೂಡದು. ಚಿತ್ರವಿರುವ ಪದರ ಜೆಲಾಟಿನ್. ಬೂಷ್ಟು ಹಿಡಿದಿದ್ದರೆ ಅದು ನೀರಿನಲ್ಲಿ ಕರಗುವಷ್ಟು ದುರ್ಬಲವಾಗಿರುತ್ತದೆ. ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಹೋಯಿತು! ಈ ಸ್ಲೈಡುಗಳು ಬದುಕಿದ್ದೇ ಮೈಸೂರಿನ ಒಣ ಹವೆಯಿಂದ. ತೆಗೆದ ಊರಿನಲ್ಲೇ ಉಳಿದಿದ್ದರೆ ಮಲೆನಾಡಿನ ನಾಲ್ಕಾರು ಮಳೆಗಾಲ ಅವನ್ನು ಮುಗಿಸಿಬಿಡುತ್ತಿತ್ತು.

ಎರಡನೆಯದು ಮಗ್ಗುಲು. ಸ್ಲೈಡಿಗೆ ಹೊಳೆಯುವ ಮೈ ಒಂದು, ಮಂಕಾದ ಮೈ ಒಂದು. ಹೊಳೆಯುವ ಕಡೆಯಿಂದ ನೋಡಿದಾಗ ಚಿತ್ರ ಸರಿ. ಮಂಕಾದ ಕಡೆಯಿಂದ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವುಮುರುವು. ಮೂರನೆಯದು ಸೂಕ್ಷ್ಮತೆ. ಅಂಗುಲಕ್ಕೆ 2400 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಒಂದು ಸ್ಲೈಡಿನಿಂದ ಹೆಚ್ಚುಕಡಿಮೆ 77 ಲಕ್ಷ ಬಿಂದುಗಳು ದೊರೆಯುತ್ತವೆ. ಮನೆಯಲ್ಲಿ ನೋಡಲು ಇಷ್ಟು ಸಾಕು. ಅಂಗುಲಕ್ಕೆ 4000 ಬಿಂದುಗಳ ದೊಡ್ಡ ಫಿಲ್ಮ್ ಸ್ಕ್ಯಾನರಿನಲ್ಲಿ ಈ ಸಂಖ್ಯೆ 2 ಕೋಟಿ ದಾಟುತ್ತದೆ. ಹಳ್ಳಿಯ ನಲವತ್ತು ಸ್ಲೈಡುಗಳನ್ನು ಮಾತ್ರ ಆರಿಸಿ, ಸ್ಟುಡಿಯೋ ಒಂದರಲ್ಲಿ ಹಾಗೆ ಮಾಡಿಸಿದರು.

ನೋಡಿದ್ದು ಮಾಸಿತು, ನೋಡದ್ದು ಉಳಿಯಿತು

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರಗಳು ಸಾಲಾಗಿ ಮೂಡಿದಾಗ ಒಂದು ಸೋಜಿಗ ಕಾಣಿಸಿತು. ಇಂಜಿನಿಯರರ ಹೆಮ್ಮೆಯ ಚಿತ್ರ ಜೋಗದ್ದು. ಲಿಂಗನಮಕ್ಕಿ ಆಗುವ ಮುನ್ನಿನ ಮಳೆಗಾಲದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ 253 ಮೀಟರ್ ಕೆಳಕ್ಕೆ ಧುಮುಕುತ್ತಿದ್ದ ನೋಟ. ಮನೆಗೆ ಯಾರು ಬಂದರೂ ಗೋಡೆಗೆ ಬಿಳಿ ಪಂಚೆ ಕಟ್ಟಿ, ದೀಪ ಆರಿಸಿ ಅದನ್ನು ತೋರಿಸುತ್ತಿದ್ದರಂತೆ. ಈಗ ಅದು ಬಿಳಿಚಿಕೊಂಡಿದೆ. ಯಾರೂ ಎರಡನೆಯ ಸಲ ನೋಡಲು ಕೇಳದ ಹಳ್ಳಿಯ ಚಿತ್ರಗಳಾದರೋ ನಿನ್ನೆ ತೆಗೆದಂತಿವೆ. ಕೆಮ್ಮಣ್ಣು ಕೆಂಪಾಗಿಯೇ, ಸಸಿಮಡಿ ಹಸಿರಾಗಿಯೇ ಇದೆ!

ಇದರಲ್ಲಿ ಪವಾಡವೇನಿಲ್ಲ, ರಸಾಯನವಿಜ್ಞಾನವಿದೆ. ಕೊಡಾಕ್ರೋಮ್ 1935ರಲ್ಲಿ ಮಾರುಕಟ್ಟೆಗೆ ಬಂದ ಫಿಲ್ಮು. ಅದನ್ನು ರೂಪಿಸಿದ ಲಿಯೋಪೋಲ್ಡ್ ಮ್ಯಾನ್ಸ್ ಮತ್ತು ಲಿಯೋಪೋಲ್ಡ್ ಗೊಡೋವ್‌ಸ್ಕಿ ಇಬ್ಬರೂ ವೃತ್ತಿಯಿಂದ ಸಂಗೀತಗಾರರು. ಬಹುತೇಕ ಬಣ್ಣದ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ವಸ್ತು ಫಿಲ್ಮಿನೊಳಗೇ ಇರುತ್ತದೆ. ಸಂಸ್ಕರಣೆಯ ನಂತರವೂ ಅದರ ಶೇಷ ಉಳಿದು, ಕತ್ತಲಲ್ಲಿಟ್ಟರೂ ಕಾಲಕ್ರಮದಲ್ಲಿ ಬಣ್ಣ ಕೆಡಿಸುತ್ತದೆ. ಕೊಡಾಕ್ರೋಮಿನಲ್ಲಿ ಹಾಗಲ್ಲ. ಪ್ರಯೋಗಾಲಯದ ದ್ರಾವಣಗಳಿಂದಲೇ ಬಣ್ಣ ಸೇರುತ್ತದೆ, ಶೇಷ ಉಳಿಯುವುದಿಲ್ಲ. ಹೀಗಾಗಿ ಕತ್ತಲೆಯಲ್ಲಿ ಅದಕ್ಕೆ ದೀರ್ಘಾಯುಷ್ಯ. ಆದರೆ ಪ್ರೊಜೆಕ್ಟರಿನ ಪ್ರಖರ ದೀಪಕ್ಕೆ ಅದು ಬೇಗ ಸೋಲುತ್ತದೆ. ಪ್ರೀತಿಯಿಂದ ಮತ್ತೆ ಮತ್ತೆ ನೋಡಿದ್ದು ಮಾಸಿತು. ಡಬ್ಬಿಯಲ್ಲಿ ಮರೆತದ್ದು ಉಳಿಯಿತು.

ಕೊಡಾಕ್ರೋಮನ್ನು ಸಂಸ್ಕರಿಸುವ ಕೆಲಸ ಬಲು ಜಟಿಲವಾದದ್ದು. ಜಗತ್ತಿನಲ್ಲಿ ಉಳಿದಿದ್ದ ಕೊನೆಯ ಪ್ರಯೋಗಾಲಯ ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಚಿಕ್ಕ ಊರಿನದು. 2010ರ ಡಿಸೆಂಬರ್ 30ರಂದು ಅದು ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಇನ್ನು ಹೊಸ ಕೊಡಾಕ್ರೋಮ್ ಚಿತ್ರ ಹುಟ್ಟುವಂತಿಲ್ಲ; ಇರುವುದನ್ನು ಕಾಪಾಡಿಕೊಳ್ಳಬೇಕಷ್ಟೆ.

ಹೊಳೆಯಾಚೆಗೆ

ಬಣ್ಣ ಉಳಿದಿತ್ತು, ಹೆಸರು ಇರಲಿಲ್ಲ. ಅದಕ್ಕಾಗಿ 2024ರ ಜನವರಿಯಲ್ಲಿ ಅಪ್ಪ, ಮಗಳು ಮೈಸೂರಿನಿಂದ ತಾಳಗುಪ್ಪದ ರೈಲು ಹಿಡಿದು ಸಾಗರಕ್ಕೆ ಬಂದಿಳಿದರು. ಸ್ಲೈಡಿನ ಡಬ್ಬಿ, ಸ್ಕ್ಯಾನರು, ಲ್ಯಾಪ್‌ಟಾಪು ಜೊತೆಗೆ. ಸಾಗರದಿಂದ ಹೊಳೆಬಾಗಿಲಿಗೆ ಬಸ್ಸು. ಅಲ್ಲಿ ರಸ್ತೆ ನೇರವಾಗಿ ನೀರಿಗಿಳಿದು ಮುಗಿದುಹೋಗುತ್ತಿತ್ತು. ಮುಂದೆ ಲಾಂಚು. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೊರಟ ಭಕ್ತರು, ಹಾಲಿನ ಕ್ಯಾನು, ಕಾಲೇಜು ಹುಡುಗರು - ಎಲ್ಲವನ್ನೂ ಹೊತ್ತು ಗುಡುಗುಡು ಸದ್ದಿನೊಂದಿಗೆ ಅದು ಕಳಸವಳ್ಳಿಯ ದಡ ಮುಟ್ಟಿಸುತ್ತಿತ್ತು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು ಏಳುತ್ತಿದ್ದವು. ಆ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು; ಉದ್ದ 2.44 ಕಿಲೋಮೀಟರ್. ಆರು ದಶಕ ನೀರು ಕಡಿದಿಟ್ಟಿದ್ದ ದಾರಿ ಅಂದು ಕೂಡಿತು. ಈ ನಡುವೆ ಆಸ್ಪತ್ರೆಗೆಂದು ಹೊರಟು ಲಾಂಚಿಗಾಗಿ ದಡದಲ್ಲಿ ಕಾದವರ ಕಥೆ ತುಮರಿ ಕಡೆಯ ಮನೆಮನೆಯಲ್ಲೂ ಇದೆ.

ಕರೂರು ಸೀಮೆಯ ಹೋಟೆಲು, ಸೊಸೈಟಿ, ಶಾಲೆಯ ಜಗಲಿಗಳಲ್ಲಿ ಎರಡು ದಿನ ಲ್ಯಾಪ್‌ಟಾಪು ತೆರೆದುಕೊಂಡಿತು. ಜನ ಮುತ್ತಿದರು, ಚರ್ಚಿಸಿದರು, ತಲೆಯಾಡಿಸಿದರು. ಮುಳುಗಡೆಯಾದ ಊರುಗಳ ಹೆಚ್ಚಿನವರು ಇಲ್ಲಿ ಉಳಿದೇ ಇಲ್ಲವಲ್ಲ. ಲಾರಿಗಳಲ್ಲಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚಿಗೆ ಹೋಗಿ ನೆಲೆಸಿದ ಆ ಕುಟುಂಬಗಳಲ್ಲಿ ಎಷ್ಟೋ ಮಂದಿ ತಾವು ಉಳುತ್ತಿರುವ ನೆಲದ ಹಕ್ಕುಪತ್ರಕ್ಕಾಗಿ ಮೂರನೆಯ ತಲೆಮಾರಿನಲ್ಲೂ ಅರ್ಜಿ ಹಿಡಿದು ಅಲೆದಿದ್ದಾರೆ. ಕೊನೆಗೆ ಒಬ್ಬರು, 'ಮೇಲಿನ ಮನೆ ಅಜ್ಜಿಗೆ ತೋರಿಸಿ. ಅವರು ಹೊಳೆಬದಿಯಿಂದ ಗುಡ್ಡ ಹತ್ತಿದವರು' ಎಂದರು.

ಅಜ್ಜಿಗೆ ಎಂಬತ್ತರ ಹತ್ತಿರ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಮುಖಗಳಿದ್ದ ಚಿತ್ರಗಳನ್ನು ನೋಡಿ ಸುಮ್ಮನಿದ್ದರು. ಒಂದು ಮನೆಯ ಜಗಲಿಯ ಚಿತ್ರ ಬಂದಾಗ ಮಾತ್ರ ಮುಂದಕ್ಕೆ ಬಾಗಿದರು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಚಿತ್ತಾರ. ದೀವರ ಮನೆಗಳಲ್ಲಿ ಮದುವೆಯ ಕಾಲಕ್ಕೆ ಹೆಣ್ಣುಮಕ್ಕಳು ಅಕ್ಕಿ ಅರೆದ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಬರೆಯುವ ಚಿತ್ರ ಅದು. ಬಾಗಿಲಲ್ಲಿ ನಿಂತ ಹೆಂಗಸಿನ ಮುಖ ಅಲುಗಿ ಮಸುಕಾಗಿತ್ತು. ಗೋಡೆಯ ಗೆರೆಗಳಂತೂ ಎಣಿಸುವಷ್ಟು ಸ್ಪಷ್ಟ.

'ಇದು ನಮ್ಮ ಅತ್ತೆ ಕೈ' ಎಂದರು ಅಜ್ಜಿ. 'ನನ್ನ ಮದುವೆಗೆ ಬರೆದದ್ದು. ಮೂಲೆ ತಿರುಗಿಸುವಾಗ ಅವರು ಹೀಗೇ ಒಂದು ಎಳೆ ಹೆಚ್ಚಿಗೆ ಬಿಡ್ತಿದ್ರು.' ಮುಖದಿಂದ ಗುರುತಿಸಲಾಗದ್ದನ್ನು ಕೈಬರಹದಿಂದ ಗುರುತಿಸಿದಂತಾಯಿತು.

ಮುಂದಿನ ಚಿತ್ರಕ್ಕೆ ಅವರು ಒಪ್ಪಲಿಲ್ಲ. 'ಇದು ನಮ್ಮ ಅಂಗಳವೇ. ಆದ್ರೆ ಬಾವಿ ಈ ಕಡೆ ಇರ್ಲಿಲ್ಲ ಮಗಾ, ಆ ಕಡೆ ಇತ್ತು.' ಮೊಮ್ಮಗಳು ಡಬ್ಬಿಯಿಂದ ಸ್ಲೈಡು ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಹೌದು, ಸ್ಕ್ಯಾನರಿಗೆ ಮಗ್ಗುಲು ತಪ್ಪಿ ಹಾಕಿದ್ದಾಗಿತ್ತು! ಅರವತ್ತು ವರ್ಷ ನೀರಿನಡಿ ಇದ್ದ ಬಾವಿಯ ದಿಕ್ಕು ಅಜ್ಜಿಗೆ ಮರೆತಿರಲಿಲ್ಲ. ಅಲ್ಲೇ ಜಗಲಿಯ ಮೇಲೆ ಸ್ಲೈಡನ್ನು ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿದಾಗ, 'ಹ್ಞಾ, ಈಗ ಸರಿಯಾಯ್ತು' ಎಂದರು.

ಬಣ್ಣದ ವಿಚಾರದಲ್ಲೂ ಅಜ್ಜಿಯ ಮನೆಯೇ ನೆರವಾಯಿತು. ಕೊಡಾಕ್ರೋಮನ್ನು ಸ್ಕ್ಯಾನ್ ಮಾಡಿದಾಗ ಚಿತ್ರಕ್ಕೆ ನೀಲಿ ಛಾಯೆ ಬರುವುದುಂಟು. ಅದನ್ನು ತೆಗೆಯಲು ಚಿತ್ರದೊಳಗೆ ನಿಜವಾಗಿ ಬಿಳಿಯಾಗಿದ್ದ ವಸ್ತುವೊಂದನ್ನು ಹುಡುಕಿ ಕಂಪ್ಯೂಟರಿಗೆ ತೋರಿಸಬೇಕು. ಚಿತ್ತಾರದ ಅಕ್ಕಿಹಿಟ್ಟಿನ ಗೆರೆಗಿಂತ ಬಿಳಿ ಯಾವುದಿದ್ದೀತು? ಆ ಗೆರೆಯ ಮೇಲೆ ಗುರುತಿಟ್ಟು ತಿದ್ದಿದ ಕೂಡಲೇ ಗೋಡೆಯ ಕೆಮ್ಮಣ್ಣು, ಸೋಗೆಯ ಕಂದು, ಆಚೆಯ ಗದ್ದೆಯ ಹಸಿರು ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು.

ತೆಗೆದವರು ಯಾರೆಂದು ಅಜ್ಜಿ ಕೇಳಲೇಬೇಕಾಯಿತು. ಇಂಜಿನಿಯರರ ಮಗ ಮರೆಮಾಚದೆ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದರು. 'ಅಳತೆ ಮಾಡೋರು ಬಂದ್ರೆ ಮಜ್ಜಿಗೆ ಕೊಡ್ತಿದ್ವಿ. ಯಾತಕ್ಕೆ ಅಳೀತಾರೆ ಅಂತ ನಮಗೇನು ಗೊತ್ತು? ಗೊತ್ತಿದ್ರೆ...' ಎಂದವರು ನಿಲ್ಲಿಸಿ, 'ಗೊತ್ತಿದ್ರೂ ಕೊಡ್ತಿದ್ವಿ ಬಿಡಿ. ಬಿಸಿಲಲ್ಲಿ ಬಂದೋರಿಗೆ ಇಲ್ಲ ಅನ್ನಕ್ಕಾಗುತ್ತಾ?' ಎಂದರು. ಆ ಮಾತಿಗೆ ಉತ್ತರ ಕೊಡುವವರು ಯಾರೂ ಜಗಲಿಯ ಮೇಲಿರಲಿಲ್ಲ.

ಆ ಸಂಜೆಯೊಳಗೆ ಹದಿನೆಂಟು ಚಿತ್ರಗಳಿಗೆ ಹೆಸರು ದೊರೆತವು. ಮಾವಿನಡಿ ಗದ್ದೆ, ಹೊಳೆಯಂಚಿನ ಗದ್ದೆ, ಚೌಡಿಬನ, ದನ ಹಾಯುವ ಕಂಡಿ. ಉಳಿದವು ಅಜ್ಜಿಗೂ ತಿಳಿಯಲಿಲ್ಲ. 'ಹತ್ತು ವರ್ಷದ ಕೆಳಗೆ ಬಂದಿದ್ರೆ ನಮ್ಮೆಜಮಾನ್ರು ಎಲ್ಲಾ ಹೇಳ್ತಿದ್ರು' ಎಂದರು.

ಅಂಕಿ ದಾರಿ ತೋರಿತು

ಅಷ್ಟರಲ್ಲಿ ಅಜ್ಜಿಯ ಮಗನಿಗೆ ಒಂದು ವಿಚಾರ ಹೊಳೆಯಿತು. ಸ್ಲೈಡಿನ ಅಂಚಿನಲ್ಲಿ 1770 ಎಂದಿದೆಯಲ್ಲ? ಹಾಗಾದರೆ ನೀರು 1770ಕ್ಕಿಂತ ಕೆಳಗಿಳಿದಾಗ ಆ ಅಂಗಳ ಮೇಲೇಳಲೇಬೇಕು! ಮುಳುಗಿಸಲೆಂದು ಬರೆದ ಅಂಕಿ ಈಗ ಹುಡುಕುವ ಅಂಕಿಯಾಯಿತು. ಅಂದಿನಿಂದ ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಜಲಾಶಯದ ಮಟ್ಟ ಓದುವ ರೂಢಿ ಶುರುವಾಯಿತು.

2023ರಲ್ಲಿ ಮಳೆ ಕಡಿಮೆಯಾಗಿತ್ತು. 2024ರ ಮೇ ತಿಂಗಳಿಗೆ ಮಟ್ಟ 1770 ದಾಟಿ ಕೆಳಗಿಳಿದಿತ್ತು. ಅಜ್ಜಿಗೆ ಇಳಿಯಲು ಕಾಲು ಬಾರದು. ಮಗ, ಮೊಮ್ಮಕ್ಕಳು ಮತ್ತು ಮೈಸೂರಿನವರು ಬಿರುಕುಬಿಟ್ಟ ಕೆಸರಿನ ಮೇಲೆ ಕೆಳಗಿಳಿದರು. ಎಲ್ಲೆಲ್ಲೂ ಕಪ್ಪು ಮರದ ಬೊಡ್ಡೆಗಳು. ಅರವತ್ತು ವರ್ಷ ನೀರಲ್ಲಿದ್ದರೂ ಕೊಳೆತಿಲ್ಲ. ನೀರಿನಡಿ ಗಾಳಿ ಸಾಲದೆ ಕೊಳೆಸುವ ಶಿಲೀಂಧ್ರಗಳ ಆಟ ನಡೆಯುವುದಿಲ್ಲ. ಚಿತ್ರದ ಹಿನ್ನೆಲೆಯಲ್ಲಿದ್ದ ಗುಡ್ಡದ ಎರಡು ನೆತ್ತಿಗಳು ಒಂದರ ಹಿಂದೊಂದು ಸರಿಹೊಂದುವವರೆಗೆ ಅತ್ತಿತ್ತ ನಡೆದರು. ಸರಿಹೊಂದಿದ ಜಾಗದಲ್ಲಿ ಕಾಲಬುಡದಲ್ಲೇ ಕಲ್ಲಿನ ತಳಪಾಯ, ಮೂರು ಮೆಟ್ಟಿಲು, ಹತ್ತು ಮಾರು ಆಚೆ ಮಣ್ಣು ತುಂಬಿದ ಬಾವಿಯ ಕಟ್ಟೆ. ಬಾವಿ ಅಜ್ಜಿ ಹೇಳಿದ ಕಡೆಯೇ ಇತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಅಂಗಳ ಮತ್ತೆ ನೀರಿನಡಿ ಹೋಯಿತು.

ಹೆಸರು ಬರೆದಿಡಿ

ಇಂಥ ಡಬ್ಬಿಗಳು ಇದೊಂದೇ ಮನೆಯಲ್ಲಿರಲಾರವು. ಕಾಫಿ ತೋಟಗಳ ಬಂಗಲೆಗಳಲ್ಲಿ, ನಿವೃತ್ತ ವೈದ್ಯರ, ಅಧ್ಯಾಪಕರ, ಅಧಿಕಾರಿಗಳ ಮನೆಗಳಲ್ಲಿ, ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿ ನಾಡಿನ ಅದೆಷ್ಟು ಕೆರೆ, ಪೇಟೆ, ಜಾತ್ರೆಗಳು ಕತ್ತಲಲ್ಲಿ ಕುಳಿತಿವೆಯೋ! ಸ್ಕ್ಯಾನರು ಸ್ವಂತಕ್ಕೇ ಬೇಕೆಂದಿಲ್ಲ, ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಆದೀತು. ಇಳಿಸಿಕೊಂಡ ಚಿತ್ರಗಳ ಮೂರು ಪ್ರತಿ ಇರಲಿ, ಅದರಲ್ಲೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಮೂಲ ಸ್ಲೈಡನ್ನು ಎಸೆಯದೆ ತಂಪಾದ, ಒಣಗಿದ, ಕತ್ತಲ ಜಾಗದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಕಂಪ್ಯೂಟರಿನ ಕಡತ ತೆರೆಯಲು ಯಂತ್ರ ಬೇಕು. ಸ್ಲೈಡಿಗೆ ಕಿಟಕಿಯ ಬೆಳಕೊಂದು ಸಾಕು.

ಆದರೆ ಇವೆಲ್ಲಕ್ಕಿಂತ ಮುಂಚೆ ಆಗಬೇಕಾದದ್ದು ಇನ್ನೊಂದಿದೆ. ಡಬ್ಬಿಯಲ್ಲಿರುವ ಬಣ್ಣ ಇನ್ನೂ ಹತ್ತು ವರ್ಷ ಕಾದೀತು. ಚಿತ್ರದಲ್ಲಿರುವವರನ್ನು ಬಲ್ಲ ಹಿರಿಯರು ಅಷ್ಟು ಕಾಯಲಾರರು. ಸ್ಕ್ಯಾನ್ ಚೆನ್ನಾಗಿ ಬಾರದಿದ್ದರೂ ಚಿಂತೆಯಿಲ್ಲ, ಇಂದೇ ಅವರ ಪಕ್ಕದಲ್ಲಿ ಕುಳಿತು ಯಾರು, ಎಲ್ಲಿ ಎಂದು ಕೇಳಿ ಬರೆದುಕೊಳ್ಳಬೇಕು.

ಮೈಸೂರಿನ ಆ ಮನೆಯಲ್ಲಿ ಈಗ ಸ್ಲೈಡುಗಳು ಹೊಸ ಪೆಟ್ಟಿಗೆಯಲ್ಲಿವೆ. ಅಜ್ಜನ ಅಕ್ಷರವನ್ನು ಮೊಮ್ಮಗಳು ಅಳಿಸಿಲ್ಲ. 'ಆರ್.ಎಲ್. 1770' ಎಂಬುದರ ಕೆಳಗೆ, ಸೀಸದ ಕಡ್ಡಿಯಲ್ಲಿ, ಸಣ್ಣದಾಗಿ ಇನ್ನೊಂದು ಸಾಲು ಸೇರಿಸಿದ್ದಾಳೆ: 'ಮೇಲಿನ ಮನೆ ಅಜ್ಜಿಯ ಮದುವೆಯ ಚಿತ್ತಾರ. ಬರೆದವರು ಅವರ ಅತ್ತೆ.'